ಅತ್ತೆ ಬಂದ್ಲು, ಧಡ್ ಧಡ್ ಧಡ್

ನಮ್ಮ ದೊಡ್ಡಮ್ಮ ಧಾರಾವಾಹಿ ನೋಡುವುದಿಲ್ಲ, ಕೇಳುತ್ತಾರೆ. ಸಂಜೆ ಏಳಕ್ಕೆ ಟಿವಿ ಹಾಕಿ, ಅದಕ್ಕೆ ಬೆನ್ನು ಮಾಡಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಾರೆ. 'ಧಡ್ ಧಡ್ ಧಡ್' ಅಂತ ಮೂರು ಸಲ ಬಡಿದರೆ ತಿರುಗಿಯೂ ನೋಡದೆ "ಅತ್ತೆ ಬಂದ್ಲು" ಅನ್ನುತ್ತಾರೆ. ವೀಣೆ ಮಿಡಿದರೆ ಸೊಸೆ ತುಳಸಿಕಟ್ಟೆ ಸುತ್ತುತ್ತಿದ್ದಾಳೆ. ಕೊಳಲು ಕೇಳಿದರೆ ಗಂಡನ ಕೈ ಹೆಂಡತಿಯ ಕೈಗೆ ತಗುಲಿದೆ. 'ಟೊಂಯ್' ಅಂದರೆ ಆ ಮನೆಯ ಪೆದ್ದ ಮಾವ ಏನೋ ಬೀಳಿಸಿದ್ದಾನೆ. ಒಂದು ದಿನ ಸುಮ್ನೆ ಪಕ್ಕದಲ್ಲಿ ಕೂತು ಪರೀಕ್ಷೆ ಮಾಡಿದೆ. ಇಡೀ ಎಪಿಸೋಡಿನಲ್ಲಿ ಒಂದೇ ಕಡೆ ತಪ್ಪಿದರು. ಅದೂ ಅವರ ತಪ್ಪಲ್ಲ. ಅತ್ತೆಯ ಬಡಿತ ಬಂತು, ಬಾಗಿಲಲ್ಲಿ ನಿಂತದ್ದು ಕೊರಿಯರ್ ಹುಡುಗ.

ದಿನಕ್ಕೊಂದು ಎಪಿಸೋಡ್ ಕೊಡಬೇಕಾದವರು ದಿನಾ ಹೊಸ ಸಂಗೀತ ಮಾಡಿಸುತ್ತಾ ಕೂರೋಕಾಗಲ್ಲ ಬಿಡಿ. ಶುರುವಿನಲ್ಲೇ ದುಃಖಕ್ಕೆ ಇಷ್ಟು, ಸಿಟ್ಟಿಗೆ ಇಷ್ಟು, ಸಂಚಿಗೆ ಸ್ವಲ್ಪ ಜಾಸ್ತಿ ಅಂತ ತುಣುಕು ಮಾಡಿಸಿ ಇಟ್ಟುಕೊಂಡಿರುತ್ತಾರೆ. ಸಾಂಬಾರ ಡಬ್ಬಿ ಇದ್ದ ಹಾಗೆ. ಎಡಿಟರ್ ಬೇಕಾದ್ದನ್ನು ಚಮಚದಲ್ಲಿ ತೆಗೆದು ಉದುರಿಸುತ್ತಾನೆ. ಆದರೆ ಕ್ಯಾಮೆರಾದವರು, ಲೈಟಿನವರು, ಮೇಕಪ್‌ನವರು ಬೆಳಗಿನಿಂದ ಒದ್ದಾಡಿ ತೆಗೆದ ಚಿತ್ರ ಇದೆಯಲ್ಲ, ದೊಡ್ಡಮ್ಮನಿಗೆ ಅದು ಬೇಕಾಗಿಯೇ ಇಲ್ಲ. ಇಂಥದ್ದನ್ನು ಮುಂಚೆ ರೇಡಿಯೋ ಅಂತಿದ್ದರು, ಕರೆಂಟ್ ಬಿಲ್ಲೂ ಕಮ್ಮಿ ಬರುತ್ತಿತ್ತು.

ಸಿನಿಮಾದವರ ಕಷ್ಟ ಬೇರೆ. ಚಿಕ್ಕಪ್ಪನ ಮಗ ಒಂದು ಸ್ಟುಡಿಯೋದಲ್ಲಿ ಕೀಬೋರ್ಡ್ ಪ್ರೋಗ್ರಾಮರ್. "ಬಾ ಅಣ್ಣಾ, ಆರ್‌ಆರ್ ನಡೀತಿದೆ" ಅಂತ ಒಮ್ಮೆ ಕರೆದುಕೊಂಡು ಹೋದ. ಆರ್‌ಆರ್ ಅಂದರೆ ರೀ-ರೆಕಾರ್ಡಿಂಗ್, ಹಿನ್ನೆಲೆ ಸಂಗೀತ ಕೂರಿಸುವ ಕೆಲಸ. ಪರದೆಯಲ್ಲಿ ಹೀರೋ ಕಾರಿಂದ ಇಳಿಯುತ್ತಿದ್ದರು. ಬಾಗಿಲು ತೆರೆಯಿತು. ಒಂದು ಶೂ ನೆಲಕ್ಕೆ ಬಂತು. ಸ್ವಲ್ಪ ಧೂಳು ಎದ್ದಿತು. ಆಮೇಲೆ ಇನ್ನೊಂದು ಶೂ. ಸೆಕೆಂಡಿಗೆ 24 ಫ್ರೇಮ್ ಓಡುವ ಸಿನಿಮಾಕ್ಕೆ 96 ಫ್ರೇಮ್‌ನಲ್ಲಿ ಶೂಟ್ ಮಾಡಿದರೆ 10 ಸೆಕೆಂಡಿನ ನಡಿಗೆ 40 ಸೆಕೆಂಡ್ ಆಗುತ್ತದೆ. ಆ 40 ಸೆಕೆಂಡನ್ನು ತುಂಬುವ ಜವಾಬ್ದಾರಿ ನಮ್ಮ ಹುಡುಗನ ತಲೆಗೆ.

ನಿರ್ದೇಶಕರು ಆಗಲೇ ಒಂದು ರೆಫರೆನ್ಸ್ ತಂದಿದ್ದರು. ಯಾವುದೋ ಪರಭಾಷೆಯ ಹಿಟ್ ಸಿನಿಮಾದ ಸಂಗೀತವನ್ನು ಈ ದೃಶ್ಯಕ್ಕೆ ಅಂಟಿಸಿ ತಿಂಗಳುಗಟ್ಟಲೆ ನೋಡಿದ್ದರಂತೆ. "ಇದೇ ಥರ ಬೇಕು. ಆದ್ರೆ ಇದೇ ಆಗಬಾರದು. ಬೇರೆ ಥರಾನೂ ಆಗಬಾರದು." ಈ ಕಾಯಿಲೆ ಹಳೆಯದು, ದೊಡ್ಡವರಿಗೂ ಬಂದಿದೆ. ಅಮೆರಿಕದ ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ 1968ರ ತನ್ನ ಬಾಹ್ಯಾಕಾಶದ ಸಿನಿಮಾಗೆ ಅಲೆಕ್ಸ್ ನಾರ್ತ್ ಕೈಲಿ ಸಂಗೀತ ಬರೆಸಿ, ಕೊನೆಗೆ ಅದನ್ನು ಮೂಲೆಗಿಟ್ಟು, ಎಡಿಟಿಂಗ್ ಹೊತ್ತಿಗೆ ತಾತ್ಕಾಲಿಕವಾಗಿ ಅಂಟಿಸಿಕೊಂಡಿದ್ದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೇ ಬಳಸಿದ. ನಾರ್ತ್‌ಗೆ ವಿಷಯ ಗೊತ್ತಾಗಿದ್ದು ಪ್ರದರ್ಶನದಲ್ಲಿ ಕೂತಾಗ. ನಮ್ಮ ಹುಡುಗನ ಪುಣ್ಯ, ಅವನಿಗೆ ಮೊದಲ ದಿನವೇ ಗೊತ್ತಾಯಿತು.

"ಇನ್ನೂ ಮಾಸ್ ಬೇಕು" ಅಂದರು ನಿರ್ದೇಶಕರು. ಇವನು ತಮಟೆ ಹಾಕಿದ. "ಇನ್ನೂ." ನಾಸಿಕ್ ಡೋಲು ಬಂತು. "ಇನ್ನೊಂಚೂರು." ನಾಲ್ಕು ಜನ ಹಾಡಿದ್ದನ್ನು ಹತ್ತು ಸಲ ಒಂದರ ಮೇಲೊಂದು ಪೇರಿಸಿ ನಲವತ್ತು ಜನರ ಕೋರಸ್ ಮಾಡಿದ. ರುದ್ರ, ರೌದ್ರ, ಭದ್ರ ಅಂತೇನೋ ಕೂಗುತ್ತಿದ್ದರು. ಅರ್ಥ ಏನಪ್ಪಾ ಅಂದೆ. "ಅರ್ಥ ಗೊತ್ತಾದ್ರೆ ಭಯ ಹೋಗುತ್ತೆ ಅಣ್ಣಾ" ಅಂದ. ಹೀರೋ ಕನ್ನಡಕ ತೆಗೆದಾಗ ಒಂದು ಸಿಂಹ ಗರ್ಜಿಸಿತು. ಕಿವಿಗೆ ಬೆರಳಿಟ್ಟುಕೊಂಡೇ ಕೇಳಿದೆ, ಅಲ್ಲ, ಇವರು ಈಗ ಹೋಗ್ತಿರೋದಾದರೂ ಎಲ್ಲಿಗೆ?

"ಎಳನೀರು ಕುಡಿಯೋಕೆ."

ಎಳನೀರಿನವನಿಗೆ ಯಾವ ಮ್ಯೂಸಿಕ್ ಅಂತ ಕೇಳಬೇಕು ಅಂದುಕೊಂಡೆ. ನೋಡಿದರೆ ಪಾಪ, ಅವನು ಫೋಕಸ್ಸಿನಲ್ಲೇ ಇರಲಿಲ್ಲ.

ಮೂಕಿ ಕಾಲದಲ್ಲಿ ಥಿಯೇಟರಿಗೆ ಪಿಯಾನೋ ತಂದದ್ದು ಪ್ರೊಜೆಕ್ಟರಿನ ಗರಗರ ಸದ್ದು ಮುಚ್ಚೋಕೆ ಅಂತ ಒಂದು ಮಾತಿದೆ. ಈಗಿನ ಪ್ರೊಜೆಕ್ಟರ್ ಸದ್ದು ಯಾರಿಗೂ ಕೇಳುವುದಿಲ್ಲ. ಸಂಗೀತಕ್ಕೆ ಮುಚ್ಚುವ ಚಾಳಿ ಮಾತ್ರ ಬಿಟ್ಟಿಲ್ಲ, ಹಾಗಾಗಿ ಡೈಲಾಗ್ ಮುಚ್ಚುತ್ತಿದೆ. ಥಿಯೇಟರಿನ ಸೌಂಡ್ ಪ್ರೊಸೆಸರಿನಲ್ಲಿ ವಾಲ್ಯೂಮಿಗೆ 0ಯಿಂದ 10ರ ತನಕ ಅಂಕಿ ಇರುತ್ತದೆ. ಮಿಕ್ಸಿಂಗ್ ಮಾಡಿದವರು ಕೇಳಿದ್ದೂ ನಾವು ಕೇಳುವುದೂ ಒಂದೇ ಇರಲಿ ಅಂತ 7ಕ್ಕೆ ಗುರುತು. ಅಲ್ಲಿಟ್ಟರೆ ಪರದೆ ಹಿಂದಿನ ಒಂದೊಂದು ಸ್ಪೀಕರಿನಿಂದಲೂ ಟೆಸ್ಟ್ ಸದ್ದು 85 ಡೆಸಿಬೆಲ್ ಬರಬೇಕು. ಆದರೆ ಸಿಂಹ, ಡೋಲು, ಕೋರಸ್ ಎಲ್ಲ ಸೇರಿದ ಮೇಲೆ 7ಕ್ಕಿಟ್ಟರೆ ಮುಂದಿನ ಸಾಲಿನ ಮಗು ಅಳುತ್ತದೆ. ಜನ ಬೈದರು ಅಂತ ಆಪರೇಟರ್ 5ಕ್ಕೆ ಇಳಿಸುತ್ತಾನೆ. ಆಗ ಸಿಂಹದ ಜೊತೆ ಮಾತೂ ಕೆಳಗಿಳಿಯುತ್ತದೆ. ಸದ್ದು ಕಮ್ಮಿ ಮಾಡ್ತಾರೆ ಅಂತ ಮುಂದಿನ ಸಿನಿಮಾದವರು ಇನ್ನೂ ಜೋರಾಗಿ ಮಿಕ್ಸ್ ಮಾಡುತ್ತಾರೆ. ಆಪರೇಟರ್ ಇನ್ನೂ ಇಳಿಸುತ್ತಾನೆ. ಹಗ್ಗಜಗ್ಗಾಟದಲ್ಲಿ ತುಂಡಾಗಿದ್ದು ಡೈಲಾಗ್ ಬರೆದವನ ಹೊಟ್ಟೆಪಾಡು.

1987ರಲ್ಲಿ ನಮ್ಮ ಬೆಂಗಳೂರಿನಲ್ಲೇ ಒಂದೂ ಮಾತಿಲ್ಲದೆ 'ಪುಷ್ಪಕ ವಿಮಾನ' ತೆಗೆದರು. ಸಂಗೀತ ಎಲ್. ವೈದ್ಯನಾಥನ್ ಅವರದು, 'ಮಾಲ್ಗುಡಿ ಡೇಸ್'ಗೆ 'ತಾನಾ ನನ' ಕೊಟ್ಟವರು. ಮಾತೇ ಇಲ್ಲ, ಖಾಲಿ ಜಾಗ ಬೇಕಾದಷ್ಟಿದೆ, ಎರಡು ಗಂಟೆ ಡೋಲು ಬಾರಿಸಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವರು ಬಾರಿಸಲಿಲ್ಲ. ಇಂದಿನ ಮೀಟಿಂಗಿನಲ್ಲಿ ಅವರಿಗೂ "ಸರ್, ಇನ್ನೂ ಮಾಸ್" ಅಂತಿದ್ದರು.

ಸ್ಟುಡಿಯೋದಿಂದ ಹೊರಡುವ ಮುಂಚೆ ಇನ್ನೊಂದು ದೃಶ್ಯ ಬಂತು. ಹೀರೋನ ತಾಯಿ ಸಾಯುವುದು. ನಿರ್ದೇಶಕರು ಕಣ್ಣು ಮುಚ್ಚಿ, "ಇಲ್ಲಿ ಮೌನ ಬೇಕು" ಅಂದರು. ನನಗೆ ಎದ್ದು ಕೈ ಮುಗಿಯೋಣ ಅನ್ನಿಸಿತು. ಹುಡುಗ ಎಲ್ಲ ಟ್ರ್ಯಾಕ್ ಬಂದ್ ಮಾಡಿ ತೋರಿಸಿದ.

"ಏನೂ ಕೇಳಿಸ್ತಿಲ್ವಲ್ಲ?"

"ಮೌನ ಅಂದ್ರಲ್ಲ ಸರ್."

"ಮೌನಾನೇ. ಆದ್ರೆ ಪವರ್‌ಫುಲ್ ಮೌನ."

ಹಾಗಾಗಿ ಕೆಳಗೆ ಒಂದು ಗುಂಯ್ ಅನ್ನುವ ಬೇಸ್ ಹಾಕಿದರು. ಮೇಲೆ ಗಾಳಿ. ಎದೆಬಡಿತ. ದೂರದಲ್ಲೊಂದು ದೇವಸ್ಥಾನದ ಗಂಟೆ. ಅದೂ ಬಡವಾಯಿತು ಅಂತ ಹೆಣ್ಣು ದನಿಯ ಒಂದು "ಆಆಆ". ಒಟ್ಟು ಐದು ಟ್ರ್ಯಾಕಿನ ಮೌನ.

ಸಿನಿಮಾ ಬಂತು. ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ಮೊದಲರ್ಧ ಪೂರ್ತಿ ನನ್ನ ತೋಳು ಜಗ್ಗಿ "ಏನಂದ್ನೋ ಅವನು?" ಅಂತ ಕೇಳಿದರು. ಇಂಟರ್ವಲ್ ಆದ ಮೇಲೆ ಕೇಳುವುದು ಬಿಟ್ಟು, ಮನೆಯಲ್ಲಿದ್ದ ಹಾಗೆ ಕಣ್ಣು ಮುಚ್ಚಿ ಕೂತರು. ತಾಯಿ ಸಾಯುವ ದೃಶ್ಯದಲ್ಲಿ ಆ "ಆಆಆ" ನಿಂತು ಮುಂದಿನ ಡೋಲು ಶುರುವಾಗುವ ಮಧ್ಯೆ, ಯಾರ ಕಣ್ತಪ್ಪಿನಿಂದಲೋ ಏನೋ, ಮೂರು ಸೆಕೆಂಡ್ ನಿಜವಾಗಿಯೂ ಏನೂ ಇರಲಿಲ್ಲ.

ಹಿಂದಿನ ಸಾಲಿನಿಂದ ಶಿಳ್ಳೆ ಬಂತು. "ಏಯ್ ಆಪರೇಟರ್, ಸೌಂಡ್ ಹೋಯ್ತು ನೋಡೋ!"

ಗದ್ದಲಕ್ಕೆ ದೊಡ್ಡಮ್ಮ ಕಣ್ಣು ಬಿಟ್ಟರು. ಸಂಜೆಯಿಂದ ಮೊದಲ ಸಲ ಪರದೆಯನ್ನು ಸರಿಯಾಗಿ ನೋಡಿದರು.

"ಅಯ್ಯೋ, ಇವಳು ಯಾವಾಗ ಸತ್ಲೋ?"