ನೆಟ್ಟಗೆ ನಿಲ್ಲೋಕೇನು ಕಷ್ಟ?

ನನ್ನ ಸ್ಟಾರ್ ವಾರ್ಸ್ ಸಿನಿಮಾ ಗೊಂಬೆಗಳು ನಿನ್ನೆ ರಾತ್ರಿ ಮತ್ತೆ ಬಿದ್ದವು. ಒಬ್ಬ ಸ್ಟಾರ್ಮ್‌ಟ್ರೂಪರ್ ಸೈನಿಕ ವಾಲಿದ, ಶೆಲ್ಫಿನ ಸೇನೆಯೆಲ್ಲ ಮಕಾಡೆ ಮಲಗಿತು. ಗ್ಯಾಲಕ್ಸಿಯನ್ನೇ ನಡುಗಿಸುವವರಿಗೆ ಫ್ಯಾನ್ ಗಾಳಿ ತಡೆಯೋಕಾಗಲ್ವಾ? ಅಂಗಾಲಲ್ಲಿ ತೂತಿದೆ, ಗೊಂಬೆ ನಿಲ್ಲಿಸುವ ಪ್ಲೇಸೆಟ್ಟಲ್ಲಿ ಪುಟ್ಟ ಮೊಳೆ ಇದೆ. ಆದರೆ ಒಂದಕ್ಕೊಂದು ಕೂರಲ್ಲ! ಒತ್ತಿದರೆ ಮೊಳೆ ಮುರಿಯುತ್ತದೆ, ಬಿಟ್ಟರೆ ಗೊಂಬೆ ಅಲ್ಲಾಡುತ್ತದೆ.

1978ರಲ್ಲಿ ಕೆನ್ನರ್ ಕಂಪನಿ ಮೂರೂಮುಕ್ಕಾಲು ಇಂಚಿನ ಗೊಂಬೆ ತಂದಿತ್ತು. ಅಲ್ಲಿಗೇ ನಿಲ್ಲಿಸಬಾರದಿತ್ತಾ? ಈಗ ಆರಿಂಚಿನವೂ ಇವೆ. ಹಳೆ ಅಳತೆಯ ಆಟಿಕೆ ನೌಕೆಯ ಕಾಕ್‌ಪಿಟ್ಟಲ್ಲಿ ಕೂರಿಸಿದರೆ ಮೊಣಕಾಲು ಗಲ್ಲಕ್ಕೆ ತಾಗುತ್ತದೆ. ಕಡ್ಡಿಯಷ್ಟು ಬ್ಲಾಸ್ಟರ್ ಬಂದೂಕು ಕೈಯಿಂದ ಜಾರಿತೋ, ಪೊರಕೆ ಪಾಲು.

ಇದರ ಮೇಲೆ ನೆಂಟರು ಬೇರೆ. "ಮಗು ಅಳ್ತಿದೆ, ಒಂದು ಕೊಡಪ್ಪ, ಇಷ್ಟೊಂದಿವೆಯಲ್ಲ!" ಇಷ್ಟೊಂದಿವೆಯಂತೆ! ನಿಮ್ಮ ಬೀರುವಿನಲ್ಲಿ ಸೀರೆ ಎಷ್ಟಿವೆ ಅಂತ ನಾನು ಯಾವತ್ತಾದರೂ ಕೇಳಿದ್ದೀನಾ?