ಬರ್ಗೂರು ದನಕ್ಕೆ ತಮಿಳು ಬರೋಲ್ಲ

ತಮಿಳುನಾಡಿನ ಈರೋಡು ಜಿಲ್ಲೆಯ ಅಂದಿಯೂರಿನಿಂದ ಘಾಟಿ ಹತ್ತಿದರೆ ಬರ್ಗೂರು ಬೆಟ್ಟ. ಅಲ್ಲಿ ದನ ಸಾಕುವ ಲಿಂಗಾಯತರ ಮನೆಮಾತು ಕನ್ನಡ. ದನದ್ದೂ ಅದೇ ಇರಬೇಕು. ಆಡಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಂದಿಯೂರಿನಲ್ಲಿ ನಡೆಯುವ ಗುರುನಾಥಸ್ವಾಮಿ ದನದ ಜಾತ್ರೆಯಲ್ಲಿ, ಕಂದು ಮೈಗೆ ಸುಣ್ಣ ಎರಚಿದಂಥ ಬಿಳಿ ಮಚ್ಚೆಯ ಹಸು ಕಂಡು ‘ಪಾಪ, ಸಾಧು’ ಎಂದು ಮುದ್ದಿಸಲು ಹೋಗುವವರು ಮೊದಲು ಕೊಂಬು ನೋಡಲಿ. ಬುಡದಲ್ಲಿ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ತುದಿಗೆ ಬರುವಾಗ ದಬ್ಬಳ. ಕಾಡಿನ ದೊಡ್ಡಿಯಲ್ಲಿ ಹಿಂಡಾಗಿ ಬೆಳೆದ ಜೀವ ಅದು. ಸಾಕಿದವರನ್ನು ಬಿಟ್ಟರೆ ಮಿಕ್ಕವರೆಲ್ಲ ಅದರ ಕಣ್ಣಿಗೆ ಚಿರತೆಯ ನೆಂಟರು.

ಕೊಂಡದ್ದು ಕಡಸಾದರೆ ಮೂಗುದಾರ ಹೊಸದೋ ಹಳೆಯದೋ ಕೇಳಿಕೊಳ್ಳಿ. ಹೊಳ್ಳೆಗಳ ನಡುವೆ ಗಟ್ಟಿ ಮೆಲ್ಲೆಲುಬಿಗಿಂತ ಮುಂದೆ ಒಂದು ಮೆತ್ತನೆ ಜಾಗ ಇರುತ್ತೆ, ತೂತು ಬೀಳಬೇಕಾದ್ದು ಅಲ್ಲಿ. ತೀರಾ ಮುಂದೆ ಚುಚ್ಚಿದ್ದರೆ ಒಂದೇ ಜಗ್ಗಿಗೆ ಹರಿಯುತ್ತದೆ. ಹರಿದ ಮೂಗಿಗೆ ಮತ್ತೆ ದಾರ ನಿಲ್ಲೋದು ಕಷ್ಟ. ಹೊಸ ತೂತಿನ ಗಾಯ ಮಾಗಲು ಎರಡು ವಾರವಾದರೂ ಬೇಕು. ಅಲ್ಲಿಯವರೆಗೆ ಅರಿಸಿನ, ಬೇವಿನೆಣ್ಣೆ ಹಚ್ಚುತ್ತಾ ನೊಣ ಕೂರದಂತೆ ನೋಡಿಕೊಳ್ಳಬೇಕು, ಹಗ್ಗ ಎಳೆಯಲೇಬಾರದು. ಎಳೆಯುವವರು ಎಳೆದೇ ಎಳೆಯುತ್ತಾರೆ, ಬಿಡಿ. ಕೊರಳಿಗೆ ಜಾರುಗುಣಿಕೆಯನ್ನಂತೂ ಹಾಕಲೇಬೇಡಿ. ಅದು ಎಳೆದಷ್ಟೂ ಬಿಗಿಯುತ್ತೆ, ಬಿಗಿದಷ್ಟೂ ದನ ಎಳೆಯುತ್ತೆ, ಕೊನೆಗೆ ಕುಡುಗೋಲು ಹುಡುಕುವ ಪಾಡು ಮನೆಮಂದಿಗೆಲ್ಲ.

ಇನ್ನು ಹಾಲು. ತಂದ ಮೊದಲ ಸಂಜೆಯೇ ಹತ್ತು ಲೀಟರಿನ ಬಕೆಟ್ ಹಿಡಿದು ಕೂರುವವರಿದ್ದಾರೆ! ಬರ್ಗೂರು ಹಸು ಒಂದು ಸೂಲಿಗೆ ಕೊಡುವುದು ಸರಾಸರಿ 350 ಕೆಜಿ. ದಿನಕ್ಕೆ ಹಂಚಿದರೆ ಒಂದೂವರೆ ಲೀಟರೂ ದಾಟದು, ಚೊಂಬು ಸಾಕು. ಅದೂ ಮೊದಲು ಕರುವನ್ನು ಕುಡಿಯಲು ಬಿಟ್ಟರೆ ಮಾತ್ರ. ಕರು ಒಂದೆರಡು ನಿಮಿಷ ಚೀಪಿ ಸೊರೆ ಇಳಿಸಬೇಕು, ಆಮೇಲೆ ಅದನ್ನು ತಾಯಿಯ ಮೂತಿಯ ಹತ್ತಿರವೇ ಕಟ್ಟಬೇಕು. ದೂರ ಕಟ್ಟಿದರೆ ಹಸು ಹಾಲನ್ನು ಮೇಲಕ್ಕೆಳೆದುಕೊಂಡು ನಿಂತುಬಿಡುತ್ತದೆ. ಹಿಂಗಾಲಿಗೆ ಹಗ್ಗ ಸುತ್ತದೆ ಕೂತರೆ ಚೊಂಬು ಒಂದು ಕಡೆ, ಕೂತವರು ಇನ್ನೊಂದು ಕಡೆ. ಒಂದು ಮೊಲೆ ಕರುವಿಗೇ ಬಿಡಿ, ಜಿಪುಣತನ ಬೇಡ. ನಿಜವಾದ ಲಾಭ ಇರುವುದು ಸಗಣಿಯಲ್ಲಿ. ಬೆಟ್ಟದ ದೊಡ್ಡಿ ಗೊಬ್ಬರಕ್ಕೆ ಕೆಳಗಿನ ರೈತರು ದುಡ್ಡು ಕೊಡುತ್ತಾರೆ.

ದೊಡ್ಡಿ ಬಾಗಿಲಿಗೆ ಮೂರು ಗಳು ಅಡ್ಡ ಹಾಕುವವರು ಮೇಲಿನೆರಡನ್ನು ಜತನದಿಂದ ಕಟ್ಟಿ ಕೆಳಗಿನದನ್ನು ಮರೆಯುತ್ತಾರೆ. ಆ ಸಂದಿಯಲ್ಲಿ ಕರು ನುಸುಳುತ್ತದೆ, ಕರುವಿನ ಹಿಂದೆ ತಾಯಿ ಬೇಲಿ ಹಾರುತ್ತದೆ. ಗೂಟಕ್ಕೆ ಕಟ್ಟುವವರ ಕತೆಯೂ ಹೆಚ್ಚು ಬೇರೆಯಲ್ಲ. ಎರಡಡಿ ಗೂಟವಾದರೆ ಒಂದೂವರೆ ಅಡಿ ಮಣ್ಣೊಳಗಿರಬೇಕು, ದನ ಎಳೆಯುವ ಕಡೆಗೆ ಬೆನ್ನು ಹಾಕಿ ವಾಲಿರಬೇಕು. ನೆಟ್ಟಗೆ ಬಡಿದು ಮಲಗಿದರೆ, ಒಂದು ಮಳೆ ಬಿದ್ದ ಬೆಳಗ್ಗೆ ಗೂಟವೂ ಇಲ್ಲ, ಹಸುವೂ ಇಲ್ಲ.

ಹುಡುಕುವವರು ಘಾಟಿಯ ಕಡೆಗೇ ಹೋಗಿ. ತಮಿಳಿನಲ್ಲಿ ‘ವಾ ವಾ’ ಎಂದು ಕರೆದರೆ ಕಿವಿಯೂ ಅಲ್ಲಾಡದು. ‘ಬಾರವ್ವಾ’ ಅನ್ನಿ, ತಿರುಗಿಯಾದರೂ ನೋಡೀತು.