ಹೆಸರು ಕೇಳಿದರೆ ಬಾಕ್ಸು

ಕೋಲಾರದಲ್ಲಿ ಟೊಮೆಟೊ ಮಂಡಿ ಇಟ್ಟಿರುವ ನಮ್ಮ ಸೋದರಮಾವನವರಿಗೆ ಕಂಪ್ಯೂಟರಿನ ಮೇಲೆ ನಂಬಿಕೆಯಿರುವುದು ಲೆಕ್ಕದ ಮಟ್ಟಿಗೆ ಮಾತ್ರ. 15 ಕಿಲೋ ಬಾಕ್ಸುಗಳೆಷ್ಟು, ಹರಾಜಿನಲ್ಲಿ ನಿಂತ ದರವೆಷ್ಟು, ಹಮಾಲಿ ಕಳೆದು ರೈತರ ಕೈಗೆ ಬರುವುದೆಷ್ಟು ಎಂಬುದನ್ನು ಕೂಡಿ ಕಳೆದು ಬಿಲ್ಲು ತಯಾರಿಸಲೆಂದು ಅವರಿಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಅದು ಕಪ್ಪು ಪರದೆಯಲ್ಲಿ ಓಡುತ್ತದೆ. ಒತ್ತಲು ಗುಂಡಿಯೂ ಇಲ್ಲ, ನೋಡಲು ಬಣ್ಣವೂ ಇಲ್ಲ. ಅಂಕಿಗಳೆಲ್ಲ ಚೊಕ್ಕವಾಗಿ ಬಂದವು, ಆದರೆ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಸಾಲಾಗಿ ಕುಳಿತಿದ್ದವು. “ರೈತನ ಹೆಸರು ಕೇಳಿದ್ರೆ ಇದು ಬಾಕ್ಸು ತೋರಿಸ್ತೈತಲ್ಲಪ್ಪಾ” ಎಂದರು ಮಾವ.

ಆ ಚೌಕಗಳು ನಿರುಪದ್ರವಿಗಳು. ಪರದೆಯ ಫಾಂಟಿನಲ್ಲಿ ಕನ್ನಡದ ಆಕಾರಗಳಿರಲಿಲ್ಲ, ಒಳಗಿನ ಅಕ್ಷರಗಳು ಭದ್ರವಾಗಿಯೇ ಇದ್ದವು. ಮುದ್ರಿಸಲೆಂದು ಬಿಲ್ಲನ್ನು ಕಡತಕ್ಕೆ ತಿರುಗಿಸಿದಾಗ ನಿಜವಾದ ರಗಳೆ ಶುರುವಾಯಿತು. ಪಶ್ಚಿಮ ಯೂರೋಪಿನ ಭಾಷೆಗಳಿಗೆಂದು ಮಾಡಿದ, ಒಟ್ಟು 256 ಸ್ಥಾನಗಳಷ್ಟೇ ಇರುವ 1252 ಎಂಬ ಕೋಡ್ ಪೇಜಿನಲ್ಲಿ (ಅಕ್ಷರಗಳಿಗೆ ಅಂಕಿ ಗೊತ್ತುಮಾಡುವ ಪಟ್ಟಿಯಲ್ಲಿ) ಬರೆಯಲು ಹೊರಟ ಪ್ರೋಗ್ರಾಮ್, ಅಲ್ಲಿ ಕನ್ನಡಕ್ಕೆ ಎಡೆಯೇ ಇಲ್ಲವೆಂದು ಕಂಡು, ‘ಯೂನಿಕೋಡ್ ಎನ್‌ಕೋಡ್ ಎರರ್’ ಎಂದು ಕೂಗಿ ಅಲ್ಲೇ ನಿಂತಿತು.

ಗೆಳೆಯರೊಬ್ಬರು ಫೋನಿನಲ್ಲಿ “ಎರರ್ಸ್ ಅಂತ ಇರೋ ಕಡೆ ರಿಪ್ಲೇಸ್ ಹಾಕಿ, ಸುಮ್ಮನಾಗುತ್ತೆ” ಎಂದರು. ಹಾಗೆಯೇ ಸುಮ್ಮನಾಯಿತು, ಬರೆಯಲಾಗದ ಪ್ರತಿ ಸಂಕೇತದ ಬದಲು ಒಂದೊಂದರಂತೆ ಬಿಲ್ಲಿನ ತುಂಬ ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ಮಾವ ಬೇಸರಿಸಲಿಲ್ಲ. ಕನ್ನಡಕ ಏರಿಸಿ, ಪೆನ್ನಿನ ತುದಿಯಿಂದ ಒಂದೊಂದನ್ನೇ ಎಣಿಸಿದರು. ಯಂತ್ರವು ಕಾಗುಣಿತದ ಚಿಹ್ನೆಗೂ ಒತ್ತಕ್ಷರದ ನಡುವಿನ ಹಲಂತಕ್ಕೂ ಬೇರೆ ಬೇರೆ ಸಂಕೇತ ಇಟ್ಟುಕೊಳ್ಳುವುದರಿಂದ ಮುನಿಯಪ್ಪ ಎಂಬ ಹೆಸರಿಗೆ ಎಂಟು ಚಿಹ್ನೆಗಳು, ನಾರಾಯಣಪ್ಪ ಎಂಬುದಕ್ಕೆ ಒಂಬತ್ತು. ಈ ಗುಟ್ಟು ತಿಳಿದ ಮೇಲೆ ಅವರು ಬಿಲ್ಲುಗಳನ್ನು ಸಲೀಸಾಗಿ ಹಂಚತೊಡಗಿದರು. ಚೌಡಪ್ಪ ಮತ್ತು ಪಾಪಣ್ಣ ಇಬ್ಬರಿಗೂ ಆರಾರು ಚಿಹ್ನೆಗಳೇ ಬಂದು, ಒಬ್ಬರ ದುಡ್ಡು ಇನ್ನೊಬ್ಬರ ಕೈ ಸೇರುವ ಹಂತ ತಲುಪಿದಾಗಲೇ ಆ ಪದ್ಧತಿ ಕೈಬಿಟ್ಟದ್ದು. ಎಡವಿದ ಕಡೆಯೇ ಕಿರುಚಿ ನಿಲ್ಲುವ ಪ್ರೋಗ್ರಾಮ್ ಎಷ್ಟು ಒರಟಾದರೂ ಇದಕ್ಕಿಂತ ಮರ್ಯಾದಸ್ಥ ಎಂದು ನನ್ನ ಅಭಿಪ್ರಾಯ.

‘ಪೈಥಾನ್‌ಯುಟಿಎಫ್8’ ಎಂಬ ಚರಾಂಶಕ್ಕೆ (ಕಂಪ್ಯೂಟರಿನ ಒಂದು ಸೆಟ್ಟಿಂಗಿಗೆ) 1 ಎಂದು ಕೊಟ್ಟು, ಕನ್ನಡವನ್ನೂ ಬರೆಯಬಲ್ಲ ಯುಟಿಎಫ್-8 ಎಂಬ ಸಂಕೇತ ಪದ್ಧತಿಗೆ ಪ್ರೋಗ್ರಾಮನ್ನು ತಿರುಗಿಸಿದ ಮೇಲೆ ಕಡತ ನೆಟ್ಟಗಾಯಿತು. ಅದನ್ನೇ ಲೆಕ್ಕದ ಹಾಳೆಯಲ್ಲಿ (ಸ್ಪ್ರೆಡ್‌ಶೀಟಿನಲ್ಲಿ) ತೆರೆದರೆ ಇನ್ನೊಂದು ವೇಷ: ತಲೆಯ ಮೇಲೆ ಓರೆಗೀಟು ಹೊತ್ತ ಸಣ್ಣ ಇಂಗ್ಲಿಷ್ ‘ಎ’, ಅದರ ಹೆಗಲಿಗೆ ಪುಟ್ಟದೊಂದು 2 ಅಥವಾ 3, ಮುಂದೆ ಏನಾದರೊಂದು ಚುಕ್ಕಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಅವನ್ನು ಬಿಡಿಬಿಡಿಯಾಗಿ ಓದಿದ್ದರ ಫಲವಿದು. ಕಡತದ ತಲೆಗೆ, ಇದು ಯುಟಿಎಫ್-8 ಎಂದು ಸಾರುವ ಬಿಒಎಂ ಎಂಬ ಮೂರು ಬೈಟ್‌ಗಳ ಗುರುತು ಅಂಟಿಸಿದ ಮೇಲೆ ಹಾಳೆಗೂ ಬುದ್ಧಿ ಬಂತು.

ಕೋಲಾರದಲ್ಲಿ ಅಷ್ಟಕ್ಕೇ ಮುಗಿಯುವುದುಂಟೆ? “ಆಂಧ್ರದ ಕಡೆಯೋರ ಹೆಸರು ತೆಲುಗಿನಲ್ಲಿ ಬರ್ತದಾ?” ಎಂದು ಮಾವ ಕೇಳಿದರು. ಲೋಕದ ಭಾಷೆಗಳ ಅಕ್ಷರಗಳಿಗೆಲ್ಲ ಸ್ಥಾನ ಗೊತ್ತುಮಾಡುವ ಯೂನಿಕೋಡಿನಲ್ಲೂ ತೆಲುಗಿನ ಪಾಲು ಮುಗಿದ ಮರುಸ್ಥಾನದಿಂದಲೇ ಕನ್ನಡದ ಪಾಲು ಆರಂಭವಾಗುತ್ತದೆ. ಯುಟಿಎಫ್-8 ಎರಡನ್ನೂ ಬರೆಯಬಲ್ಲದಾದ್ದರಿಂದ ಆ ನೆರೆಹೊರೆಗೆ ಒಂದು ಸಾಲನ್ನೂ ತಿದ್ದಬೇಕಾಗಲಿಲ್ಲ. ತೆಲುಗಿನ ಹೆಸರು ದುಂಡಗೆ ಅಚ್ಚಾಗಿ ಬಂತು. ಬಿಲ್ಲು ಪಡೆದ ರೈತರು ಹೆಸರಿನತ್ತ ಕಣ್ಣೂ ಹಾಯಿಸದೆ, ನೇರವಾಗಿ ದರದ ಸಾಲಿಗೆ ಬೆರಳಿಟ್ಟು ಮಾವನೊಂದಿಗೆ ಜಗಳಕ್ಕೆ ನಿಂತರು.